ಕೆಳಗ ಬೆಂಕಿ ಐತಿ, ಮ್ಯಾಲ ಎಲ್ಲೈತಿ? ಗಂಗಾವತಿ ಹಿತ್ತಲದಾಗ ಪಿಜ್ಜಾ ಕಲಿತದ್ದು

ಭತ್ತದ_ಗುಮಾಸ್ತ (ಗಂಗಾವತಿ)

ಎಲ್ಲರಿಗೂ ನಮಸ್ಕಾರ. ಹೋದ ವಾರ ಇಲ್ಲಿ ಒಬ್ಬರು "ಓವನ್ ಇಲ್ಲದ ಮನ್ಯಾಗ ಪಿಜ್ಜಾ ಆಗ್ತದೇನ್ರಿ" ಅಂತ ಕೇಳಿದ್ದರು. ಎರಡು ಸಾಲು ಉತ್ತರ ಬರೆಯೋಣ ಅಂತ ಕೂತೆ. ಬರೆಯುತ್ತ ಹೋದರೆ 1991ಕ್ಕೆ ಹೋಗಿ ನಿಂತಿತು. ಅದಕ್ಕೇ ಬೇರೆಯಾಗಿ ಹಾಕುತ್ತಿದ್ದೇನೆ, ಉದ್ದವಾಗಿದ್ದರೆ ಕ್ಷಮಿಸಿ.

ನಾನು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಹುಟ್ಟಿದಾಗ ನಮ್ಮ ಊರು ರಾಯಚೂರು ಜಿಲ್ಲೆ, 1997ರಿಂದ ಕೊಪ್ಪಳ ಜಿಲ್ಲೆ. ಪಿಯುಸಿ ಓದಲು ಬಳ್ಳಾರಿಗೆ ಹೋಗಿದ್ದೆ. ರೂಮಿನಿಂದ ಕಾಲೇಜಿಗೆ ಹೋಗುವ ದಾರಿಯಲ್ಲಿ ಒಂದು ಬೇಕರಿ. ಅದರ ಗಾಜಿನ ಪೆಟ್ಟಿಗೆಯೊಳಗೆ 'ಪಿಜ್ಜಾ' ಎಂದು ಕೈಬರಹದ ಚೀಟಿ ನೋಡಿದ್ದು ಅಲ್ಲೇ. ತಿಂಗಳ ಕೊನೆಗೆ ಉಳಿದ ದುಡ್ಡಿನಲ್ಲಿ ಒಂದು ತಗೊಂಡೆ. ಬನ್ನಿನ ಹಿಟ್ಟಿನದೇ ದಪ್ಪ ಬಿಲ್ಲೆ, ಮೇಲೆ ಟೊಮೆಟೊ ಸಾಸು, ಹಸಿ ಉಳ್ಳಾಗಡ್ಡಿ, ದೊಣ್ಣಮೆಣಸಿನಕಾಯಿ, ತುರಿದ ಚೀಸು. ಸಿಹಿಯಾಗಿತ್ತು. ನನಗೆ ರುಚಿಗಿಂತ ಹೆಚ್ಚು ಹಿಡಿಸಿದ್ದು ಹುದುಗಿ ಬೆಂದ ಹಿಟ್ಟಿನ ಆ ವಾಸನೆ. ನಮ್ಮ ಮನೆಯಲ್ಲಿ ಹಿಟ್ಟು ಅಂದರೆ ಜೋಳದ ಹಿಟ್ಟು. ಕುದಿಯುವ ನೀರು ಹಾಕಿ ನಾದಿ, ಬಡಿದು, ಹಂಚಿಗೆ ಹಾಕಿದರೆ ಐದು ನಿಮಿಷದಲ್ಲಿ ರೊಟ್ಟಿ. ಹಿಟ್ಟನ್ನು ರಾತ್ರಿಯಿಡೀ ಸುಮ್ಮನೆ ಬಿಟ್ಟರೆ ಅದು ತಾನೇ ಏನೋ ಆಗುತ್ತದೆ ಅನ್ನುವುದು ನನಗೆ ದೊಡ್ಡ ಆಶ್ಚರ್ಯ.

ಮದುವೆಯಾದ ಹೊಸದರಲ್ಲಿ, 1999 ಇರಬೇಕು, ಮನೆಯಲ್ಲಿ ಮೊದಲ ಪ್ರಯತ್ನ. ಆಗ ನಮ್ಮ ಕಡೆ ಕೇಕ್ ಮಾಡುವವರೆಲ್ಲ ಅಲ್ಯೂಮಿನಿಯಂ ಕುಕ್ಕರಿನ ತಳಕ್ಕೆ ಉಸುಕು ಹಾಕಿ, ಗ್ಯಾಸ್ಕೆಟ್ಟು ವೇಯ್ಟು ತೆಗೆದು, ಒಳಗೆ ಡಬ್ಬಿ ಇಟ್ಟು ಬೇಯಿಸುತ್ತಿದ್ದರು. ಕೇಕಿಗೆ ಅದು ಸಾಕು. ಪಿಜ್ಜಾಕ್ಕೆ ಸಾಲಲಿಲ್ಲ. ಕೆಳಗೆ ಬಿಳಿ ಬಿಳಿ, ಮೇಲೆ ಒದ್ದೆ, ಚೀಸು ಎಣ್ಣೆ ಬಿಟ್ಟು ರಬ್ಬರಿನ ಹಾಗೆ. ಹೆಂಡತಿ ಎರಡು ತುತ್ತು ತಿಂದಳು. ಅವ್ವ ಮುಟ್ಟಲಿಲ್ಲ.

ನಂತರ ಐದಾರು ವರ್ಷ ಹತ್ತಾರು ಸಲ ಮಾಡಿದೆ, ಎಲ್ಲವೂ ಹೆಚ್ಚುಕಡಿಮೆ ಹಾಗೇ. ಅದನ್ನೆಲ್ಲ ಬರೆಯುವುದಿಲ್ಲ.

ದಾರಿ ತಿರುಗಿದ್ದು ವಿರೂಪಾಪುರ ಗಡ್ಡೆಯಲ್ಲಿ. ಗೊತ್ತಿಲ್ಲದವರಿಗೆ: ಹಂಪಿಯ ಎದುರು ದಂಡೆ, ತುಂಗಭದ್ರೆಯ ನಡುವಿನ ಗಡ್ಡೆ, ನಮ್ಮ ತಾಲೂಕಿನದು. ಹೊರದೇಶದವರು ತಿಂಗಳುಗಟ್ಟಲೆ ಬಂದು ಇರುತ್ತಿದ್ದ ಜಾಗ. 2004ರ ಡಿಸೆಂಬರಿನಲ್ಲಿ ಗಿರಣಿ ಮಾಲೀಕರ ಅಕ್ಕಿ ಬಿಲ್ಲು ಕೊಡಲು ಅಲ್ಲಿನ ಒಂದು ಊಟದ ಮನೆಗೆ ಹೋಗಿದ್ದೆ. ಹಿತ್ತಲಿನಲ್ಲಿ ಹುತ್ತದ ಆಕಾರದ ಮಣ್ಣಿನ ಒಲೆ. ಅಡುಗೆಯವನು ನೇಪಾಳದ ಹುಡುಗ. ಒಲೆಯ ಒಂದು ಬದಿಗೆ ಬೆಂಕಿ ಸರಿಸಿ, ಕಟ್ಟಿಗೆಯ ಹುಟ್ಟಿನ ಮೇಲೆ ತೆಳ್ಳಗಿನ ಹಿಟ್ಟು ಇಟ್ಟು ಒಳಗೆ ಜಾರಿಸಿದ. ಎರಡು ನಿಮಿಷವೂ ಆಗಲಿಲ್ಲ, ಹೊರಗೆ ತೆಗೆದ. ಅಂಚು ಉಬ್ಬಿ ಮೇಲೆ ಕರಿ ಕರಿ ಚುಕ್ಕಿ ಎದ್ದಿತ್ತು. ಒಂದು ತುಂಡು ಕೊಟ್ಟ. ಬಾಯಿಗೆ ಇಡುವ ಮೊದಲೇ ವಾಸನೆ ಗುರುತು ಸಿಕ್ಕಿತು. ಅದು ಅವ್ವ ಬಿಸಿ ರೊಟ್ಟಿಯನ್ನು ಕೆಂಡದ ಮೇಲೆ ಒರಗಿಸಿ ಉಬ್ಬಿಸುವಾಗ ಬರುವ ವಾಸನೆ! ಹದಿಮೂರು ವರ್ಷ ನಾನು ಸಾಸು, ಚೀಸು ಅಂತ ಅಲೆದಿದ್ದೆ. ನನಗೆ ಬೇಕಿದ್ದದ್ದು ಸರಿಯಾಗಿ ಸುಟ್ಟ ರೊಟ್ಟಿ.

ಮನೆಗೆ ಬಂದು ಅವ್ವನ ಮುಂದೆ ಎಲ್ಲ ಹೇಳಿದೆ. ನನ್ನ ಕುಕ್ಕರಿನ ಪಿಜ್ಜಾ ಯಾಕೆ ಕೆಡುತ್ತದೆ ಅಂತಲೂ ಕೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಅಂದಳು: "ಕೆಳಗ ಬೆಂಕಿ ಐತಿ, ಮ್ಯಾಲ ಎಲ್ಲೈತಿ?"

ಮರುದಿನ ಅವಳೇ ತೋರಿಸಿದಳು. ಒಲೆಯ ಮೇಲೆ ಕಬ್ಬಿಣದ ಹಂಚು. ಅದರ ಮೇಲೆ ಪಿಜ್ಜಾ. ಪಿಜ್ಜಾದ ಮೇಲೆ ಅಂಗೈ ಎತ್ತರ ಜಾಗ ಬಿಟ್ಟು, ಮೂರು ಕಲ್ಲಿನ ಆಧಾರದಲ್ಲಿ ಇನ್ನೊಂದು ಹಂಚು, ಅದರ ತುಂಬ ನಿಗಿನಿಗಿ ಕೆಂಡ. ಅವಳ ತವರಿನಲ್ಲಿ ಹೀಗೆ ಮೇಲೆ ಕೆಳಗೆ ಕೆಂಡ ಇಟ್ಟೇ ಸಿಹಿ ಬೇಯಿಸುತ್ತಿದ್ದರಂತೆ. ಆರೇಳು ನಿಮಿಷಕ್ಕೆ ಅಂಚು ಕೆಂಪಾಯಿತು, ಚೀಸು ಕುದಿಯಿತು. ಅವತ್ತು ಅವ್ವ ತಿಂದಳು, ಮೇಲೆ ಶೇಂಗಾ ಹಿಂಡಿ ಉದುರಿಸಿಕೊಂಡು.

ಓವನ್ ಇಲ್ಲದವರಿಗೆ ನನ್ನ ಉತ್ತರ ಇಷ್ಟೇ: ಎರಡು ಹಂಚು, ನಡುವೆ ಜಾಗ, ಮೇಲೆ ಕೆಂಡ. ಆದರೆ ಇದನ್ನು ಬಯಲಿನಲ್ಲೇ ಮಾಡಿ, ಮುಚ್ಚಿದ ಅಡುಗೆಮನೆಯಲ್ಲಿ ಕೆಂಡದ ಹೊಗೆ ಅಪಾಯ.

2010ರಲ್ಲಿ ಮನೆಗೆ ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ಬಂತು. 250 ಡಿಗ್ರಿ ಅದರ ಗಡಿ. ಪಿಜ್ಜಾದ ಊರಾದ ನೇಪಲ್ಸಿನಲ್ಲಿ 1984ರಿಂದ ಒಂದು ಸಂಘ ಇದೆ. ಅವರ ನಿಯಮದ ಪ್ರಕಾರ ಹಿಟ್ಟಿಗೆ ಗೋಧಿ ಹಿಟ್ಟು, ನೀರು, ಉಪ್ಪು, ಈಸ್ಟು ಬಿಟ್ಟರೆ ಬೇರೇನೂ ಸೇರಬಾರದು. ಸಕ್ಕರೆ ಇಲ್ಲ, ಎಣ್ಣೆ ಇಲ್ಲ. ಕಟ್ಟಿಗೆ ಒಲೆಯಲ್ಲಿ 430 ಡಿಗ್ರಿ ದಾಟಿದ ಶಾಖಕ್ಕೆ 60ರಿಂದ 90 ಸೆಕೆಂಡು ಮಾತ್ರ. ಅಷ್ಟು ಬೇಗ ಬೆಂದರೆ ಒಳಗಿನ ನೀರು ಆರುವುದಿಲ್ಲ, ಮೆತ್ತಗೆ ಉಳಿಯುತ್ತದೆ. 250ರಲ್ಲಿ ಹತ್ತು ನಿಮಿಷ ಇಟ್ಟರೆ ಬೇಯುತ್ತದೆ, ಆದರೆ ಒಣಗುತ್ತದೆ. ಓಟಿಜಿಯಲ್ಲಿ ಮಾಡುವವರು ರೊಟ್ಟಿ ಹಂಚನ್ನೇ ಮಗುಚಿ ಮೇಲಿನ ಕಾಯಿಲಿಗೆ ಹತ್ತಿರ ಇಟ್ಟು, ಮುಕ್ಕಾಲು ಗಂಟೆ ಕಾಯಿಸಿ, ಆಮೇಲೆ ಪಿಜ್ಜಾ ಜಾರಿಸಿ. ತಣ್ಣನೆಯ ತಟ್ಟೆಯಲ್ಲಿ ಇಟ್ಟು ಒಳಗೆ ಹಾಕಬೇಡಿ. ಇದೊಂದರಿಂದಲೇ ಅರ್ಧ ಸಮಸ್ಯೆ ಹೋಗುತ್ತದೆ.

ಕೊನೆಗೆ 2022ರ ಮಾರ್ಚಿನಲ್ಲಿ ಹಿತ್ತಲಿನಲ್ಲಿ ನಮ್ಮದೇ ಮಣ್ಣಿನ ಒಲೆ ಕಟ್ಟಿದೆ. ಗಡ್ಡೆಯ ಆ ಒಲೆ ಈಗಿಲ್ಲ. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಅಲ್ಲಿನ ಕಟ್ಟಡಗಳನ್ನೆಲ್ಲ ತೆಗೆದರು. ಆ ಹುಡುಗ ಎಲ್ಲಿಗೆ ಹೋದನೋ ತಿಳಿಯದು. ಅವನ ಒಲೆಯ ಬಾಯಿ, ಎತ್ತರ, ಅಗಲ ಎಲ್ಲ ಅವತ್ತೇ ಬಿಲ್ಲಿನ ಪುಸ್ತಕದ ಹಿಂದೆ ಗೇಣು ಲೆಕ್ಕದಲ್ಲಿ ಬರೆದಿಟ್ಟುಕೊಂಡಿದ್ದೆ. ಹದಿನೇಳು ವರ್ಷ ಆ ಹಾಳೆ ನನ್ನ ಪೆಟ್ಟಿಗೆಯಲ್ಲಿತ್ತು.

ಕೇಳುವುದಿದ್ದರೆ ಕೇಳಿ. ಒಲೆ, ಹಿಟ್ಟು ಎರಡರ ಬಗ್ಗೆಯೂ ಹೇಳಬಲ್ಲೆ. ಚೀಸಿನಲ್ಲಿ ನಾನು ಇನ್ನೂ ಕಲಿಯುತ್ತಿದ್ದೇನೆ.

ಸಿರುಗುಪ್ಪ_ಸೊಸೆ

ಅಣ್ಣಾ, ನಿಮ್ಮ ಅವ್ವನ ಮಾತು ಓದಿ ಎದ್ದು ಹೋಗಿ ನನ್ನ ಅತ್ತೆಗೆ ಓದಿ ಹೇಳಿದೆ. ನನಗೆ ಒಲೆಗಿಂತ ಹಿಟ್ಟಿನ ತೊಂದರೆ. ಯೂಟ್ಯೂಬಿನಲ್ಲಿ ನೋಡಿ ಒಂದು ಕೆಜಿ ಮೈದಾಗೆ ಎರಡು ಚಮಚ ಈಸ್ಟು ಹಾಕುತ್ತೇನೆ. ಏಪ್ರಿಲ್ ಬಂತೆಂದರೆ ಒಂದು ತಾಸಿಗೆ ಪಾತ್ರೆ ಮೀರಿ ಉಕ್ಕಿ, ಎರಡನೇ ತಾಸಿಗೆ ಕುಸಿದು, ಹುಳಿ ವಾಸನೆ ಬಂದು ಕೈಗೆ ಅಂಟುತ್ತದೆ. ಬೆಂಗಳೂರಿನ ನನ್ನ ತಂಗಿ ಅದೇ ಅಳತೆಗೆ ಚೆನ್ನಾಗಿ ಮಾಡುತ್ತಾಳೆ. ನನ್ನ ಕೈಯಲ್ಲೇ ದೋಷವೇ?

ಭತ್ತದ_ಗುಮಾಸ್ತ

ನಿಮ್ಮ ಕೈಯಲ್ಲಿ ಏನೂ ದೋಷ ಇಲ್ಲ ತಾಯಿ. ಆ ಅಳತೆ ಬರೆದವರು ತಣ್ಣನೆಯ ಊರಿನವರು. ಈಸ್ಟು ಒಂದು ಜೀವ. 20 ಡಿಗ್ರಿಯಲ್ಲಿ ನಿಧಾನ, 35ರಲ್ಲಿ ಓಡುತ್ತದೆ. ನಮ್ಮ ಏಪ್ರಿಲ್ಲಿನಲ್ಲಿ ಒಂದು ಕೆಜಿ ಮೈದಾಗೆ ನಾನು ಹಾಕುವ ಒಣ ಈಸ್ಟು 0.4 ಗ್ರಾಂ. ಚಮಚದಲ್ಲಿ ಅಳೆಯಲು ಬರುವುದಿಲ್ಲ, ಅದಕ್ಕೆ ಹೀಗೆ ಮಾಡಿ: 2 ಗ್ರಾಂ ಈಸ್ಟನ್ನು 200 ಮಿಲಿ ನೀರಿನಲ್ಲಿ ಚೆನ್ನಾಗಿ ಕದಡಿ. ಅದರಲ್ಲಿ 40 ಮಿಲಿ ತಗೊಂಡರೆ 0.4 ಗ್ರಾಂ ಬಂತು. ಉಳಿದದ್ದು ಗಿಡಕ್ಕೆ ಹಾಕಿ.

ನನ್ನ ಲೆಕ್ಕ: ಮೈದಾ 1 ಕೆಜಿ, ಈಸ್ಟಿನ ನೀರೂ ಸೇರಿ ನೀರು 600 ಮಿಲಿ, ಉಪ್ಪು 28 ಗ್ರಾಂ. ಇದರಿಂದ 270 ಗ್ರಾಂ ತೂಕದ ಆರು ಉಂಡಿ ಆಗುತ್ತವೆ. ಬೆಳಿಗ್ಗೆ ಹತ್ತಕ್ಕೆ ನಾದಿದರೆ ಸಂಜೆ ಏಳಕ್ಕೆ ಹದ.

ನೀರಿನ ಬಿಸಿಗೂ ಒಂದು ಲೆಕ್ಕ ಇದೆ, ಬೇಕರಿಯವರದು. ನಾದಿದ ಮೇಲೆ ಹಿಟ್ಟು ಎಷ್ಟು ಡಿಗ್ರಿ ಇರಬೇಕೋ ಅದನ್ನು ಮೂರರಿಂದ ಗುಣಿಸಿ, ಮನೆಯೊಳಗಿನ ಡಿಗ್ರಿ, ಹಿಟ್ಟಿನ ಡಿಗ್ರಿ ಎರಡನ್ನೂ ಕಳೆಯಿರಿ. ಉಳಿದದ್ದು ನೀರಿನ ಡಿಗ್ರಿ. ನನಗೆ 24 ಬೇಕು ಅಂದರೆ 72. ಮೇ ತಿಂಗಳಲ್ಲಿ ಮನೆಯೊಳಗೆ 37, ಡಬ್ಬಿಯ ಹಿಟ್ಟು 35. ಕಳೆದರೆ ಸೊನ್ನೆ! ಅಂದರೆ ಐಸ್ ನೀರಲ್ಲೇ ನಾದಬೇಕು. ಮೊದಲ ಸಲ ಈ ಲೆಕ್ಕ ಹಾಕಿದಾಗ ನಮ್ಮ ಬೇಸಿಗೆ ಹಿಟ್ಟಿಗೆ ಏನು ಮಾಡುತ್ತಿದೆ ಅನ್ನುವುದು ಕಣ್ಣಿಗೆ ಕಂಡಿತು. ಉಂಡಿ ಇಟ್ಟ ಡಬ್ಬಿಯನ್ನು ಒದ್ದೆ ಗೋಣಿ ಸುತ್ತಿ, ನೀರಿನ ಗಡಿಗೆಯ ಪಕ್ಕ ಉಸುಕಿನ ಮೇಲೆ ಇಡಿ. ಫ್ರಿಡ್ಜು ಇದ್ದರೂ ಕರೆಂಟು ಹೋದರೆ ಹಿಟ್ಟಿಗೆ ಬಿಸಿ ತಣ್ಣ ಬಿಸಿ ತಣ್ಣ ಆಗುತ್ತದೆ. ಗೋಣಿಯ ತಂಪು ಒಂದೇ ಸಮ ಇರುತ್ತದೆ.

ಭಟ್ಟಿಮನೆ (ಬಳ್ಳಾರಿ)

ನಮ್ಮದು ಮೂರು ತಲೆಮಾರಿನ ಬೇಕರಿ ಮನೆ. ಈಗ ಭಟ್ಟಿ ಹೋಗಿ ಡೀಸೆಲ್ ಓವನ್ ಬಂದಿದೆ. ಈ ಬರಹ ಓದಿ ತಾತನ ಭಟ್ಟಿ ಕಣ್ಣ ಮುಂದೆ ಬಂತು.

ಬ್ರೆಡ್ಡಿನ ಭಟ್ಟಿಗೂ ಪಿಜ್ಜಾ ಒಲೆಗೂ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ರಾತ್ರಿ ಭಟ್ಟಿಯೊಳಗೇ ಕಟ್ಟಿಗೆ ಉರಿಸಿ, ಕೆಂಡವನ್ನೆಲ್ಲ ಹೊರಗೆ ಎಳೆದು, ಉದ್ದ ಕೋಲಿಗೆ ಒದ್ದೆ ಗೋಣಿ ಕಟ್ಟಿ ನೆಲ ಒರೆಸಿ, ಬಾಗಿಲು ಮುಚ್ಚಿ ಶಾಖ ಸಮ ಆಗಲು ಬಿಡುತ್ತಿದ್ದರು. ಬೇಯಿಸುವುದು ಗೋಡೆ ಕುಡಿದಿಟ್ಟುಕೊಂಡ ಶಾಖ. ಪಿಜ್ಜಾದಲ್ಲಿ ಬೆಂಕಿ ಒಳಗೇ ಉರಿಯುತ್ತಿರಬೇಕು. ಉರಿ ಗುಮ್ಮಟವನ್ನು ನೆಕ್ಕಿಕೊಂಡು ಬಾಯಿಯ ಕಡೆ ಬರುವುದೇ ಮೇಲಿನ ಬೆಂಕಿ.

ತಾತ ಥರ್ಮಾಮೀಟರು ನೋಡಿದವರಲ್ಲ. ಒಂದು ಚಿಟಿಕೆ ಮೈದಾ ಭಟ್ಟಿಯ ನೆಲಕ್ಕೆ ಎರಚಿ, ಬಾಯಲ್ಲಿ ಎಣಿಸುತ್ತಿದ್ದರು. ತಕ್ಷಣ ಕರಿಯಾದರೆ ಇನ್ನೂ ಅರ್ಧ ತಾಸು ಕಾಯಿರಿ ಎನ್ನುವರು. ನಿಧಾನಕ್ಕೆ ಬಂಗಾರದ ಬಣ್ಣ ಬಂದರೆ ಬ್ರೆಡ್ಡು ಹಾಕಿ ಎನ್ನುವರು.

1991ರಲ್ಲಿ ನೀವು ತಿಂದ ಪಿಜ್ಜಾ ಸಿಹಿಯಾಗಿದ್ದಕ್ಕೆ ಕಾರಣ ಹೇಳುತ್ತೇನೆ. ಆಗ ನಾವೆಲ್ಲ ಬನ್ನಿನ ಹಿಟ್ಟನ್ನೇ ತಟ್ಟಿ ಪಿಜ್ಜಾ ಬೇಸ್ ಅಂತ ಮಾರುತ್ತಿದ್ದೆವು. ಬನ್ನಿಗೆ ಸಕ್ಕರೆ, ಡಾಲ್ಡಾ ಬೀಳುತ್ತಿತ್ತು. ಬೇರೆ ಪಿಜ್ಜಾ ನಾವೂ ತಿಂದಿರಲಿಲ್ಲ. ಪಿಜ್ಜಾ ಹಟ್ ಬೆಂಗಳೂರಿಗೆ ಬಂದದ್ದೇ 1996ರಲ್ಲಿ. ಅದಕ್ಕೂ ಮೊದಲೇ ಬಳ್ಳಾರಿಯ ಬೇಕರಿಗಳಲ್ಲಿ ಪಿಜ್ಜಾ ಇತ್ತು ಅನ್ನುವುದು ನಮಗೆ ಹೆಮ್ಮೆ. ಅದು ನಮ್ಮದೇ ಪಿಜ್ಜಾ.

ಮಾಲ್ದಂಡಿ (ರಾಯಚೂರು)

ಚಲೋ ಬರದೀರಿ. ಆದ್ರ ನನಗ ಒಂದು ಸಂಕಟ ಐತಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ. ನಮ್ಮ ಎರಿ ಹೊಲದಾಗ ಹಿಂಗಾರಿ ಬಿಳಿಜ್ವಾಳ ಬೆಳೀತೀವಿ. ನನ್ನ ಮಕ್ಕಳು ರೊಟ್ಟಿ ಬ್ಯಾಡ ಅಂತಾರ, ಪಿಜ್ಜಾ ಬೇಕು ಅಂತಾರ. ಮೈದಾ ಹೊರಗಿಂದ ಬರ್ತದ, ಚೀಸು ಹೊರಗಿಂದ ಬರ್ತದ. ನಿಮ್ಮಂಥ ತಿಳದವರು ಇಷ್ಟು ವರ್ಷದ ಶ್ರಮ ಜ್ವಾಳಕ್ಕ ಹಾಕಿದ್ರ ಏನಾಗ್ತಿತ್ತು? ಜ್ವಾಳದ ಪಿಜ್ಜಾ ಆಗಂಗಿಲ್ಲೇನು?

ಭತ್ತದ_ಗುಮಾಸ್ತ

ಬ್ಯಾಸರ ಯಾಕ್ರಿ, ಕೇಳಬೇಕಾದ ಮಾತೇ ಕೇಳಿದ್ದೀರಿ. ನಮ್ಮ ಮನೆಯಲ್ಲಿ ದಿನಾ ಎರಡು ಹೊತ್ತು ರೊಟ್ಟಿಯೇ. ಪಿಜ್ಜಾ ಹದಿನೈದು ದಿನಕ್ಕೊಮ್ಮೆ.

ಜೋಳದ್ದು ನಾನು ಮನಸಾರೆ ಪ್ರಯತ್ನ ಮಾಡಿದ್ದೇನೆ. ಗೋಧಿಯಲ್ಲಿ ಗ್ಲುಟೆನ್ ಇರುತ್ತದೆ. ಅದು ಹಿಗ್ಗುವ ಜಾಳಿಗೆಯ ಹಾಗೆ, ಈಸ್ಟು ಬಿಟ್ಟ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ನಮ್ಮ ಅವ್ವಂದಿರು ಕುದಿಯುವ ನೀರು ಹಾಕುವುದು. ಬಿಸಿಗೆ ಪಿಷ್ಟ ಬೆಂದು ಜಿಗಿ ಬರುತ್ತದೆ, ಆ ಜಿಗಿಯಿಂದ ರೊಟ್ಟಿ ಒಡೆಯದೆ ಅಗಲ ಆಗುತ್ತದೆ. ಆ ಜಿಗಿ ಬಡಿಯಲು ಸಾಕು, ರಾತ್ರಿಯಿಡೀ ಗಾಳಿ ಹಿಡಿಯಲು ಸಾಲದು. ಅರ್ಧಕ್ಕರ್ಧ ಜೋಳ ಹಾಕಿದಾಗ ಬಿರುಕು ಬಿಟ್ಟು ಗಟ್ಟಿ ಬಿಲ್ಲೆ ಆಯಿತು. ಮಾಡುತ್ತ ಮಾಡುತ್ತ ಒಂದು ಹದ ಸಿಕ್ಕಿದೆ: 1 ಕೆಜಿಯಲ್ಲಿ 150 ಗ್ರಾಂ ಬಿಳಿಜೋಳದ ಹಿಟ್ಟು, ಅದನ್ನು ಮೊದಲೇ ಕುದಿಯುವ ನೀರಲ್ಲಿ ಅಂಬಲಿ ಹಾಗೆ ಕಲಸಿ, ಪೂರ್ತಿ ಆರಿಸಿ, ಆಮೇಲೆ 850 ಗ್ರಾಂ ಮೈದಾಗೆ ಸೇರಿಸುವುದು. ಅಂಚಿಗೆ ರೊಟ್ಟಿಯ ಸಿಹಿ ಬರುತ್ತದೆ, ಮರುದಿನವೂ ಮೆತ್ತಗಿರುತ್ತದೆ. ನಿಮ್ಮ ಹೊಲದ ಹೊಸ ಜೋಳದಲ್ಲಿ ಮಾಡಿ ನೋಡಿ. ಹಳೆ ಜೋಳಕ್ಕೆ ಜಿಗಿ ಕಡಿಮೆ, ಅದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು.

ಮಕ್ಕಳ ಬಗ್ಗೆ ಒಂದು ಮಾತು. ನನ್ನ ಮಗಳು ರೊಟ್ಟಿ ಬಡಿಯಲು ಕಲಿತದ್ದು ಪಿಜ್ಜಾ ತಟ್ಟಿದ ಮೇಲೆ. ಮೊದಲು ಉಂಡಿಯನ್ನು ಬೆರಳಿನಿಂದ ಒತ್ತಿ ಅಗಲ ಮಾಡುವುದು ಅವಳಿಗೆ ಆಟ ಆಯಿತು. ಒಂದಿನ ಅಜ್ಜಿಯ ಪಕ್ಕ ಕೂತು, ನನಗೂ ಒಂದು ಉಂಡಿ ಕೊಡು ಅಂದಳು.

ಮಾಲ್ದಂಡಿ

ಹೊಸ ಜ್ವಾಳ ರಾಶಿ ಆಗೇತಿ. ಮಾಡಿ ತಿಳಸ್ತೀನ್ರಿ.

ಹೆಪ್ಪು_ಹಾಲು (ಕೊಪ್ಪಳ)

ಡೈರಿಯಲ್ಲಿ ಕೆಲಸ ಮಾಡಿದವಳು ನಾನು, ಚೀಸಿನ ಬಗ್ಗೆ ಸ್ವಲ್ಪ ಹೇಳಲೇ? ಇಟಲಿಯಲ್ಲಿ ನೇಪಲ್ಸಿನ ಸುತ್ತಲಿನ ಕಂಪಾನಿಯಾ ಸೀಮೆಯ ಹೆಸರುವಾಸಿ ಮೊಝರೆಲ್ಲಾ ಎಮ್ಮೆ ಹಾಲಿನದು. ಎಮ್ಮೆಗೆ ನಮ್ಮಲ್ಲೇನು ಕಡಿಮೆ? ಆಕಳ ಹಾಲಿನ ಕೊಬ್ಬು ಶೇ. 4ರ ಆಸುಪಾಸು, ಎಮ್ಮೆಯದು ಶೇ. 7ರ ಆಸುಪಾಸು. ಮನೆಯಲ್ಲಿ ಮಾಡಬಹುದು.

ಹಾಲನ್ನು ಕುದಿಸಬೇಡಿ. ಕುದಿಸಿ ಹುಳಿ ಹಿಂಡಿದರೆ ಪನೀರು ಆಗುತ್ತದೆ, ಅದು ಎಳೆಯುವುದಿಲ್ಲ, ಕರಗುವುದೂ ಇಲ್ಲ. ಹಾಗಂತ ಹಸಿ ಹಾಲನ್ನು ಹಾಗೇ ಬಳಸುವುದೂ ಬೇಡ. 63 ಡಿಗ್ರಿಗೆ ಕಾಯಿಸಿ, ಅದೇ ಬಿಸಿಯಲ್ಲಿ 30 ನಿಮಿಷ ಹಿಡಿದಿಡಿ, ರೋಗಾಣು ಸಾಯುತ್ತವೆ, ಹಾಲಿನ ಗುಣ ಕೆಡುವುದಿಲ್ಲ. ನಂತರ 40 ಡಿಗ್ರಿಗೆ ಇಳಿಸಿ. ಒಂದು ಲೀಟರಿಗೆ ಎರಡು ಮೂರು ದೊಡ್ಡ ಚಮಚ ವಿನೆಗರ್, ಒಮ್ಮೆಲೇ ಸುರಿಯದೆ ಸಣ್ಣ ಧಾರೆಯಾಗಿ ಹಾಕುತ್ತ ನಿಧಾನ ತಿರುವಿ. ಹಾಲು ಒಡೆದು ಉಂಡೆಗಟ್ಟುತ್ತದೆ. ನೀರು ಹಿಂಡಿ. ಉಳಿದ ನೀರನ್ನು ಕೈ ತಾಳುವುದಕ್ಕಿಂತ ಹೆಚ್ಚು ಬಿಸಿ ಮಾಡಿ, ಉಂಡೆಯನ್ನು ಜಾಲರಿ ಸೌಟಿನಲ್ಲಿ ಅದ್ದಿ ಅದ್ದಿ ಎಳೆದು ಮಡಚಿ. ನಾಲ್ಕೈದು ಸಲ ಮಾಡಿದ ಮೇಲೆ ಹೊಳಪು ಬರುತ್ತದೆ, ಆಗ ಉಪ್ಪು ಸೇರಿಸಿ ತಣ್ಣೀರಿಗೆ ಹಾಕಿ.

ಎಳೆ ಬರುವುದೂ ಬಾರದಿರುವುದೂ ಹುಳಿಯ ಕೈಯಲ್ಲಿದೆ. ಹುಳಿ ಏರಿದಂತೆ ಹಾಲಿನ ಪ್ರೋಟೀನನ್ನು ಬಿಗಿದಿಟ್ಟ ಕ್ಯಾಲ್ಸಿಯಂ ಸಡಿಲಾಗುತ್ತದೆ. ಸರಿಯಾದಷ್ಟು ಸಡಿಲಾದರೆ ಎಳೆ, ಹೆಚ್ಚಾದರೆ ಪುಡಿ. ಆರು ತಿಂಗಳು ಕೆಡದ ಪೆಟ್ಟಿಗೆ ಹಾಲು ತರಬೇಡಿ. ಅದನ್ನು ತುಂಬ ಬಿಸಿಗೆ ಕಾಯಿಸಿರುತ್ತಾರೆ, ಹೆಪ್ಪು ಸರಿಯಾಗಿ ಕೂಡುವುದಿಲ್ಲ.

ಭತ್ತದ_ಗುಮಾಸ್ತ

ಅಕ್ಕಾ, ಎರಡು ವರ್ಷ ನನ್ನ ಚೀಸು ಪುಡಿಯಾಗುತ್ತಿತ್ತು. ಎಳೆಯದಿದ್ದಾಗ ಇನ್ನೂ ವಿನೆಗರ್ ಸುರಿಯುತ್ತಿದ್ದೆ. ತಪ್ಪು ಎಲ್ಲಿ ಅಂತ ಇವತ್ತು ತಿಳಿಯಿತು. ಒಂದು ಕೇಳಲೇ: ಹೊಸ ಚೀಸು ಒಲೆಯಲ್ಲಿ ನೀರು ಬಿಡುತ್ತದೆ, ಪಿಜ್ಜಾ ನಡುವೆ ಕೆರೆ ಆಗುತ್ತದೆ.

ಹೆಪ್ಪು_ಹಾಲು

ಕತ್ತರಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ, ಫ್ರಿಡ್ಜಿನಲ್ಲಿ ಒಂದು ರಾತ್ರಿ ಜರಡಿ ಮೇಲೆ ಇಡಿ. ಎಮ್ಮೆ ಹಾಲಿನದಕ್ಕೆ ಇದು ಬೇಕೇ ಬೇಕು.

ಕೋಟೆ_ಕೆಳಗಿನವಳು (ಬಳ್ಳಾರಿ)

ಟೊಮೆಟೊ ಏನು ಮಾಡುತ್ತೀರಿ? ನಾನು ಬೆಳ್ಳುಳ್ಳಿ, ಉಳ್ಳಾಗಡ್ಡಿ, ಖಾರದ ಪುಡಿ ಹಾಕಿ ಗೊಜ್ಜಿನ ಹಾಗೆ ಕುದಿಸುತ್ತೇನೆ. ಇಟಲಿಯವರು ಕುದಿಸುವುದೇ ಇಲ್ಲ ಎನ್ನುತ್ತಾರೆ, ನಿಜವೇ? ಮತ್ತೆ ಆ ರಾಣಿಯ ಕಥೆ?

ಭತ್ತದ_ಗುಮಾಸ್ತ

ನೇಪಲ್ಸಿನ ಪದ್ಧತಿಯಲ್ಲಿ ಟೊಮೆಟೊ ಹಿಸುಕಿ ಉಪ್ಪು ಹಾಕುವುದು ಅಷ್ಟೇ, ಬೇಯುವುದು ಒಲೆಯಲ್ಲೇ. ಅವರ ಸಾನ್ ಮಾರ್ಜಾನೊ ಟೊಮೆಟೊ ವೆಸುವಿಯಸ್ ಬೆಟ್ಟದ ಬೂದಿ ಮಣ್ಣಿನಲ್ಲಿ ಬೆಳೆಯುವುದು, ಉದ್ದಕ್ಕಿದ್ದು ತಿರುಳು ಜಾಸ್ತಿ, ಬೀಜ ಕಡಿಮೆ. ನಮ್ಮ ಸಂತೆಯ ಹೈಬ್ರಿಡ್ಡಿನಲ್ಲಿ ನೀರೇ ನೀರು. ನಾನು ಜವಾರಿ ಹಣ್ಣು ಸಿಕ್ಕರೆ ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಹಿಸುಕಿ, ಜರಡಿಯಲ್ಲಿ ಅರ್ಧ ತಾಸು ಬಿಡುತ್ತೇನೆ. ಸೋರಿದ ನೀರು ಸಾರಿಗೆ. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿ ಕುಸುಬಿ ಎಣ್ಣೆಯಲ್ಲಿ ನೆನೆಸಿಟ್ಟು, ಪಿಜ್ಜಾ ಹೊರಬಂದ ಮೇಲೆ ಹನಿಸುತ್ತೇನೆ. ಒಲೆಯೊಳಗೆ ಖಾರ ಸುಟ್ಟರೆ ಇಡೀ ಓಣಿ ಕೆಮ್ಮುತ್ತದೆ. ನಿಮ್ಮ ಗೊಜ್ಜು ಓಟಿಜಿ ಪಿಜ್ಜಾಕ್ಕೆ ಚೆನ್ನಾಗಿಯೇ ಇರುತ್ತದೆ, ಬಿಡಬೇಡಿ. ಅಲ್ಲಿ ನಿಧಾನ ಬೇಯುವುದರಿಂದ ಮೊದಲೇ ನೀರಾರಿಸಿದ ಸಾಸೇ ಒಳ್ಳೆಯದು.

ರಾಣಿಯ ಕಥೆ: 1889ರಲ್ಲಿ ನೇಪಲ್ಸಿಗೆ ಬಂದ ರಾಣಿ ಮಾರ್ಗರಿಟಾಗೆ ರಫಾಯೆಲೆ ಎಸ್ಪೊಸಿಟೊ ಎಂಬ ಪಿಜ್ಜಾ ಮಾಡುವವರು ಟೊಮೆಟೊ, ಮೊಝರೆಲ್ಲಾ, ತುಳಸಿ ಜಾತಿಯ ಬೇಸಿಲ್ ಹಾಕಿ ಕೊಟ್ಟರು, ರಾಣಿಯ ಹೆಸರೇ ಅದಕ್ಕೆ ಬಂತು ಎನ್ನುತ್ತಾರೆ. ಇತಿಹಾಸಕಾರರು ಇದನ್ನು ಪೂರ್ತಿ ಒಪ್ಪುವುದಿಲ್ಲ. ನನಗೆ ಅದಕ್ಕಿಂತ ಖುಷಿ ಕೊಟ್ಟದ್ದು 2017ರ ಸುದ್ದಿ. ಆ ವರ್ಷ ಯುನೆಸ್ಕೋ ನೇಪಲ್ಸಿನ ಪಿಜ್ಜಾ ಮಾಡುವವರ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾಡುವ ಕೈಗೆ ಸಿಕ್ಕ ಮರ್ಯಾದೆ ಅದು. ಅವತ್ತು ಅವ್ವನ ಕೈ ನೋಡುತ್ತ ತುಂಬ ಹೊತ್ತು ಕೂತಿದ್ದೆ.

ಕುಷ್ಟಗಿ_ಹುಡುಗ

ಅಣ್ಣಾರ, ಒಲಿ ಕಟ್ಟೋದು ಹೆಂಗ ಹೇಳ್ರಿ. ನಾನು ಹೊಲದ ಎರಿಮಣ್ಣು ತಂದು ಕಟ್ಟಿದ್ದೆ, ನಾಕು ದಿನಕ್ಕ ಎಲ್ಲಾ ಸೀಳಿ ಬಿದ್ದು ಹೋತು.

ಭತ್ತದ_ಗುಮಾಸ್ತ

ನನ್ನ ಮೊದಲ ಒಲೆಯೂ ಎರೆಮಣ್ಣಿನದೇ, ಹಾಗೇ ಸೀಳಿತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಕಾಲು ಹೋಗುವಷ್ಟು ಬಿರಿಯುವುದು ಅದಕ್ಕೇ. ಒಲೆಗೆ ಅದು ಬೇಡ. ಗೆದ್ದಲು ಬಿಟ್ಟುಹೋದ ಹುತ್ತದ ಮಣ್ಣು ತನ್ನಿ. ಪೂಜೆ ಮಾಡುವ ಹುತ್ತ, ಹಾವು ಇರುವ ಹುತ್ತ ಮುಟ್ಟಬೇಡಿ. ಒಂದು ಪುಟ್ಟಿ ಮಣ್ಣಿಗೆ ಎರಡು ಪುಟ್ಟಿ ಉಸುಕು, ಗೇಣುದ್ದ ಕತ್ತರಿಸಿದ ಭತ್ತದ ಹುಲ್ಲು. ಕಾಲಲ್ಲಿ ಚೆನ್ನಾಗಿ ತುಳಿಯಬೇಕು. ಉಂಡೆ ಮಾಡಿ ಎದೆಯೆತ್ತರದಿಂದ ಬಿಟ್ಟರೆ ಚಪ್ಪಟೆಯಾಗಬೇಕು, ಒಡೆಯಬಾರದು.

ಕಟ್ಟೆಯ ಮೇಲೆ ಭತ್ತದ ಹೊಟ್ಟಿನ ಬೂದಿಯಲ್ಲಿ ಖಾಲಿ ಗಾಜಿನ ಬಾಟಲಿ ಮಲಗಿಸಿದೆ, ಶಾಖ ಕೆಳಗೆ ಇಳಿಯದಿರಲಿ ಅಂತ. ಗಿರಣಿಯಲ್ಲಿ ಹೊಟ್ಟಿಗೆ ಬರವೇ? ಅದರ ಮೇಲೆ ನೆಲಕ್ಕೆ ಫೈರ್ ಬ್ರಿಕ್ಸ್. ಕಬ್ಬಿಣದ ಕಾರ್ಖಾನೆಗಳಿಗೆ ತರಿಸುವ ಇಟ್ಟಿಗೆ ಬಳ್ಳಾರಿ ಕಡೆ ಬಿಡಿಯಾಗಿ ಸಿಗುತ್ತದೆ. ಕಡಪ ಕಲ್ಲು, ಶಹಾಬಾದ ಕಲ್ಲು ಹಾಕಬೇಡಿ, ಬಿಸಿಗೆ ಸಿಡಿಯುತ್ತವೆ.

ನೆಲದ ಮೇಲೆ ಒದ್ದೆ ಉಸುಕಿನ ಗುಮ್ಮಟ ಮಾಡಿ: ಅಗಲ 70 ಸೆಂ.ಮೀ., ಎತ್ತರ 40. ಮೇಲೆ ಒದ್ದೆ ಪೇಪರು ಅಂಟಿಸಿ. ಅದರ ಮೇಲೆ ನಾಲ್ಕು ಬೆರಳು ದಪ್ಪ ಮಣ್ಣು. ಎರಡು ದಿನ ಬಿಟ್ಟು ಬಾಯಿ ಕೊಯ್ದು ಉಸುಕು ತೆಗೆಯಿರಿ, ಪೇಪರು ಕಂಡಾಗ ನಿಲ್ಲಿಸಿ. ಬಾಯಿಯ ಎತ್ತರ ಮುಖ್ಯ: ಗುಮ್ಮಟದ ಎತ್ತರದ ಶೇ. 63. ಅಂದರೆ 40ಕ್ಕೆ 25. ಹೆಚ್ಚಾದರೆ ಶಾಖ ಓಡಿಹೋಗುತ್ತದೆ, ಕಡಿಮೆಯಾದರೆ ಬೆಂಕಿಗೆ ಉಸಿರು ಸಿಗದು. ನನ್ನ ಬಿಲ್ಲಿನ ಪುಸ್ತಕದ ಹಿಂದಿನ ಗೇಣಿನ ಲೆಕ್ಕವನ್ನು ಆಮೇಲೆ ಅಳೆದು ನೋಡಿದೆ, ಆ ಹುಡುಗನ ಒಲೆಯೂ ಅದಕ್ಕೇ ತೀರ ಹತ್ತಿರ ಇತ್ತು.

ಮೊದಲ ಪದರ ಆರಿದ ಮೇಲೆ, ಹೊಟ್ಟು ಬೆರೆಸಿದ ಮಣ್ಣಿನ ಇನ್ನೊಂದು ದಪ್ಪ ಪದರ. ಎಲ್ಲಕ್ಕೂ ಒದ್ದೆ ಗೋಣಿ ಮುಚ್ಚಿ ನಿಧಾನ ಆರಿಸಿ. ನಮ್ಮ ಬಿಸಿಲಿಗೆ ಬಿಟ್ಟರೆ ಹೊರಗೆ ಬೇಗ ಆರಿ ಒಳಗೆ ಹಸಿ ಉಳಿದು ಬಿರುಕು ಬಿಡುತ್ತದೆ. ಆಮೇಲೆ ಒಂದು ವಾರ ದಿನಾ ಸಣ್ಣ ಬೆಂಕಿ.

ಕಟ್ಟಿಗೆಗೆ ಒಣ ಬಳ್ಳಾರಿ ಜಾಲಿ. ಊರ ಸುತ್ತ ಬೇಡವೆಂದರೂ ಬೆಳೆಯುವ ಗಿಡ, ಆದರೆ ಅದರ ಕೆಂಡದ ಬಲ ಬೇರೆ ಯಾವುದಕ್ಕೂ ಇಲ್ಲ. ಒಂದೂವರೆ ತಾಸು ಉರಿದ ಮೇಲೆ ಗುಮ್ಮಟದ ಒಳಗಿನ ಮಸಿಯೆಲ್ಲ ಸುಟ್ಟು ಬೆಳ್ಳಗಾಗುತ್ತದೆ. ಆಗ ಬೆಂಕಿ ಬದಿಗೆ ಸರಿಸಿ ಪಿಜ್ಜಾ ಹಾಕಿ. ಉಂಡಿಗೆ ಲಟ್ಟಣಿಗೆ ಮುಟ್ಟಿಸಬೇಡಿ, ಅಂಚಿನ ಗಾಳಿ ಹೋಗುತ್ತದೆ.

ಕುಷ್ಟಗಿ_ಹುಡುಗ

*(ಹದಿನೇಳು ದಿನದ ನಂತರ)*

ಅಣ್ಣಾರ, ಹುತ್ತದ ಮಣ್ಣಿಂದ ಕಟ್ಟೀನಿ. ಬಾಯಿ 25 ಅಳದು ಕೊಯ್ದೀನಿ. ಮೂರನೇ ದಿನದ ಬೆಂಕಿಗೆ ಬಾಯಿ ಬಲಗಡಿ ಕೂದಲೆಳಿ ಅಷ್ಟು ಬಿರುಕು ಬಂದೈತಿ. ಕಿತ್ತಿ ಮತ್ತ ಕಟ್ಲೇನು?

ಭತ್ತದ_ಗುಮಾಸ್ತ

ಕೀಳಬ್ಯಾಡ ತಮ್ಮಾ. ಉಗುರು ಹೋಗದಷ್ಟು ಸಣ್ಣ ಬಿರುಕು ಎಲ್ಲ ಒಲೆಗೂ ಬರುತ್ತದೆ, ನನ್ನದಕ್ಕೆ ನಾಲ್ಕಿವೆ. ಒಲೆ ತಣ್ಣಗಾದಾಗ ಬಿರುಕಿಗೆ ನೀರು ಚಿಮುಕಿಸಿ, ಅದೇ ಮಣ್ಣಿಗೆ ಉಸುಕು ಹೆಚ್ಚು ಹಾಕಿ ತೆಳ್ಳಗೆ ಕಲಸಿ ತುಂಬು. ಬೂದಿ ಬೆರೆಸಿದ ಸಗಣಿಯಿಂದ ಮೇಲೊಮ್ಮೆ ಸಾರಿಸು. ಎರಡು ದಿನ ಬಿಟ್ಟು ಮತ್ತೆ ಸಣ್ಣ ಬೆಂಕಿ ಹಚ್ಚು. ಅವ್ವ ಪಕ್ಕದಲ್ಲೇ ಕೂತಿದ್ದಾಳೆ, ಬಿರುಕು ಯಾವ ಕಡೆ ಅಂತ ಕೇಳುತ್ತಿದ್ದಾಳೆ. ಬಲಗಡೆ ಅಂದೆ. ಗಾಳಿ ಆ ಕಡೆಯಿಂದ ಬಡಿಯುತ್ತಿರಬೇಕು, ಅಲ್ಲೊಂದು ತಗಡು ಅಡ್ಡ ಇಡೋಕೆ ಹೇಳು ಅಂತಾಳೆ.